ಮಗುವಿನ ಪರ ವಕಾಲತ್ತು ಹಾಕುವವರು ಯಾರು?

ಬೆಂಗಳೂರಿನ ಎಚ್. ಸಿದ್ದಯ್ಯ ರಸ್ತೆಯ ನ್ಯಾಯದೇಗುಲ ಕಟ್ಟಡದಲ್ಲಿ ಕೌಟುಂಬಿಕ ನ್ಯಾಯಾಲಯಗಳು ನಡೆಯುತ್ತವೆ. ವಿಚ್ಛೇದನದ ಅರ್ಜಿಗೆ ಅಲ್ಲಿ ‘ಎಂ.ಸಿ.’ ಎಂದು ನಂಬರು ಬೀಳುತ್ತದೆ. ಮಗು ಯಾರ ಬಳಿ ಇರಬೇಕೆಂಬ ಅರ್ಜಿಗೆ ‘ಜಿ ಅಂಡ್ ಡಬ್ಲ್ಯುಸಿ’ ಎಂದು. ಯಾವ ಕಡತ ತೆರೆದರೂ ಮೊದಲ ಪುಟದಲ್ಲಿ ಇರುವುದು ಇಬ್ಬರದೇ ಹೆಸರು: ಒಬ್ಬರು ಅರ್ಜಿದಾರರು, ಇನ್ನೊಬ್ಬರು ಎದುರುದಾರರು. ಇಬ್ಬರ ಪರವಾಗಿಯೂ ವಕಾಲತ್ತು ಹಾಕಿದ ವಕೀಲರಿರುತ್ತಾರೆ. ಮಗು ಕಾಣಿಸಿಕೊಳ್ಳುವುದು ಒಳಗಿನ ಯಾವುದೋ ಒಂದು ಪ್ಯಾರಾದಲ್ಲಿ. ಸದರಿ ದಾಂಪತ್ಯದಿಂದ ಇಂಥ ದಿನಾಂಕದಂದು ಒಂದು ಗಂಡು ಮಗು ಜನಿಸಿರುತ್ತದೆ, ಪ್ರಸ್ತುತ ಇಂಥ ಶಾಲೆಯಲ್ಲಿ ಮೂರನೇ ತರಗತಿ ವ್ಯಾಸಂಗ ಮಾಡುತ್ತಿರುತ್ತದೆ. ಅಷ್ಟೇ. ಆ ಮಗು ಇನ್ನು ಮುಂದೆ ಯಾವ ಮನೆಯಲ್ಲಿ ಮಲಗಬೇಕು, ಯಾವ ಊರಿನ ಶಾಲೆಗೆ ಹೋಗಬೇಕು, ಅಜ್ಜಿಯನ್ನು ವರ್ಷಕ್ಕೆ ಎಷ್ಟು ಸಲ ನೋಡಬೇಕು ಎಂಬುದೆಲ್ಲ ಆ ಕಡತದಲ್ಲೇ ತೀರ್ಮಾನವಾಗುತ್ತದೆ. ಆದರೆ ಮಗು ಆ ಪ್ರಕರಣದ ಪಕ್ಷಕಾರನಲ್ಲ. ಅದಕ್ಕೆ ವಕೀಲರೂ ಇಲ್ಲ.

ಇದೇ ಮಗುವಿನ ಹೆಸರಿನಲ್ಲಿ ಅಜ್ಜನ ಹೊಲದ ಎರಡು ಗುಂಟೆ ಪಾಲಿದ್ದು, ದೊಡ್ಡಪ್ಪ ವಿಭಾಗದ ದಾವೆ ಹೂಡಿದರು ಎನ್ನಿ. ಆಗ ಚಿತ್ರವೇ ಬೇರೆ. ಸಿವಿಲ್ ಪ್ರಕ್ರಿಯಾ ಸಂಹಿತೆಯ 32ನೇ ಆದೇಶದ ಪ್ರಕಾರ ಅಪ್ರಾಪ್ತ ವಯಸ್ಕನ ಮೇಲೆ ದಾವೆ ನಡೆಯಬೇಕಾದರೆ ಅವನ ಹಿತ ಕಾಯಲು ನ್ಯಾಯಾಲಯ ಒಬ್ಬ ಪಾಲಕರನ್ನು ನೇಮಿಸಲೇಬೇಕು. ಆ ಪಾಲಕರ ಹಿತಾಸಕ್ತಿ ಮಗುವಿನ ಹಿತಾಸಕ್ತಿಗೆ ಎದುರಾಗಿರಬಾರದು. ದಾವೆ ರಾಜಿಯಾಗುವುದಾದರೆ ನ್ಯಾಯಾಲಯದ ಅನುಮತಿ ಬೇಕು. ಮಗುವಿಗೆ ವಕೀಲರಿದ್ದರೆ, ಈ ರಾಜಿ ಮಗುವಿನ ಒಳಿತಿಗೇ ಆಗಿದೆ ಎಂದು ಅವರು ಪ್ರಮಾಣಪತ್ರವನ್ನೂ ಕೊಡಬೇಕು. ಎರಡು ಗುಂಟೆ ನೆಲಕ್ಕೆ ಇಷ್ಟು ಕಾವಲು ಇಟ್ಟಿರುವ ಕಾನೂನು, ತಂದೆತಾಯಿ ಬೇರೆಯಾಗುವಾಗ ಮಗುವಿನ ಇಡೀ ಬಾಳಿಗೆ ಅಂಥದೊಂದು ಕಾವಲನ್ನು ಕಡ್ಡಾಯ ಮಾಡಿಲ್ಲ.

ಕ್ರಿಮಿನಲ್ ಕಾನೂನಿನ ಕಡೆ ನೋಡಿದರೂ ಇದೇ ವ್ಯತ್ಯಾಸ ಕಾಣುತ್ತದೆ. ಅಪರಾಧದ ಆರೋಪ ಹೊತ್ತು ಬಾಲನ್ಯಾಯ ಮಂಡಳಿಯ ಮುಂದೆ ನಿಲ್ಲುವ ಹದಿನಾರರ ಹುಡುಗನಿಗೆ ಕಾನೂನು ನೆರವು ಸಿಗುವಂತೆ ನೋಡಿಕೊಳ್ಳುವುದು ಮಂಡಳಿಯ ಕರ್ತವ್ಯ. 2012ರ ಪೋಕ್ಸೊ ಕಾಯ್ದೆ ದೌರ್ಜನ್ಯಕ್ಕೊಳಗಾದ ಮಗುವಿನ ಕುಟುಂಬಕ್ಕೆ ತಮ್ಮದೇ ವಕೀಲರ ನೆರವು ಪಡೆಯುವ ಹಕ್ಕು ಕೊಟ್ಟಿದೆ. ಯಾವ ತಪ್ಪನ್ನೂ ಮಾಡದ, ಅಪರಾಧಕ್ಕೂ ಸಿಲುಕದ, ಮನೆ ಒಡೆದ ಕಾರಣಕ್ಕೆ ನ್ಯಾಯಾಲಯದ ಮೆಟ್ಟಿಲು ಹತ್ತಿದ ಮಗುವಿನ ಪಕ್ಕದಲ್ಲಿ ಮಾತ್ರ ಯಾರೂ ಇಲ್ಲ.

ಹಾಗೆಂದು ಕಾನೂನು ಮಗುವನ್ನು ಮರೆತೇಬಿಟ್ಟಿದೆ ಎನ್ನುವಂತಿಲ್ಲ. ಬ್ರಿಟಿಷರ ಕಾಲದ 1890ರ ಗಾರ್ಡಿಯನ್ಸ್ ಅಂಡ್ ವಾರ್ಡ್ಸ್ ಕಾಯ್ದೆಯ 17ನೇ ಸೆಕ್ಷನ್ನಿನಲ್ಲೇ ಒಂದು ಮಾತಿದೆ: ತಿಳಿದು ಆರಿಸಿಕೊಳ್ಳುವಷ್ಟು ವಯಸ್ಸು ಮಗುವಿಗೆ ಆಗಿದ್ದರೆ, ಅದರ ಒಲವನ್ನು ನ್ಯಾಯಾಲಯ ಪರಿಗಣಿಸಬಹುದು. 1955ರ ಹಿಂದೂ ವಿವಾಹ ಕಾಯ್ದೆಯ 26ನೇ ಸೆಕ್ಷನ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಮಕ್ಕಳ ವಾಸ, ಪೋಷಣೆ, ವಿದ್ಯಾಭ್ಯಾಸದ ಆದೇಶಗಳು ಸಾಧ್ಯವಾದ ಕಡೆಯಲ್ಲೆಲ್ಲ ಅವರ ಇಚ್ಛೆಗೆ ಅನುಗುಣವಾಗಿರಬೇಕು ಎನ್ನುತ್ತದೆ. ಮರುವರ್ಷ ಬಂದ ಹಿಂದೂ ಅಪ್ರಾಪ್ತ ವಯಸ್ಕರ ಪಾಲಕತ್ವ ಕಾಯ್ದೆ, ಮಗುವಿನ ಹಿತವೇ ಪರಮ ಎಂದು 13ನೇ ಸೆಕ್ಷನ್ನಿನಲ್ಲಿ ಬರೆದಿಟ್ಟಿತು. ಮಕ್ಕಳು ತಂದೆತಾಯಿಯ ಆಸ್ತಿಯೂ ಅಲ್ಲ, ಆಟಿಕೆಯೂ ಅಲ್ಲ ಎಂದು ಸುಪ್ರೀಂ ಕೋರ್ಟ್ 1973ರಲ್ಲೇ ಹೇಳಿತು. ಈ ಮಾತು ಇಂದಿಗೂ ವಕೀಲರ ವಾದದಲ್ಲಿ ಮತ್ತೆ ಮತ್ತೆ ಬರುತ್ತದೆ. ಅಪ್ಪನ ವಕೀಲರೂ ಅದನ್ನೇ ಓದುತ್ತಾರೆ, ಅಮ್ಮನ ವಕೀಲರೂ ಅದನ್ನೇ ಓದುತ್ತಾರೆ.

ತೊಡಕಿರುವುದು ಇಲ್ಲಿಯೇ. ಮಗುವಿನ ಹಿತ ಏನೆಂದು ನ್ಯಾಯಾಲಯಕ್ಕೆ ಹೇಳುತ್ತಿರುವವರು ಆ ಮಗುವಿಗಾಗಿ ಬಡಿದಾಡುತ್ತಿರುವ ಇಬ್ಬರು. ತಾಯಿ ಸುಳ್ಳು ಹೇಳುತ್ತಾಳೆ, ತಂದೆ ಸುಳ್ಳು ಹೇಳುತ್ತಾನೆ ಎಂದಲ್ಲ. ನೊಂದ ಮನಸ್ಸಿಗೆ ತನ್ನ ಹಿತ ಯಾವುದು, ಮಗುವಿನ ಹಿತ ಯಾವುದು ಎಂದು ಬೇರ್ಪಡಿಸಿ ನೋಡುವುದು ಕಷ್ಟ. ಅವರ ವಕೀಲರ ಹೊಣೆಯಂತೂ ತಮ್ಮ ಕಕ್ಷಿದಾರರನ್ನು ಗೆಲ್ಲಿಸುವುದು.

ಹಾಗಾದರೆ ಮಗುವಿನ ಮಾತು ನ್ಯಾಯಾಧೀಶರಿಗೆ ತಲುಪುವುದು ಹೇಗೆ? ನಮ್ಮಲ್ಲಿ ರೂಢಿಯಲ್ಲಿರುವುದು ಚೇಂಬರ್ ಮಾತುಕತೆ. ಮಗುವನ್ನು ಕರೆತರುವಂತೆ ಆದೇಶವಾಗುತ್ತದೆ. ಅವತ್ತು ಶಾಲೆಗೆ ರಜೆ. ಕಾರಿಡಾರಿನ ಬೆಂಚಿನ ಮೇಲೆ ಒಂದು ತುದಿಯಲ್ಲಿ ಅಮ್ಮನ ಕಡೆಯವರು, ಇನ್ನೊಂದು ತುದಿಯಲ್ಲಿ ಅಪ್ಪನ ಕಡೆಯವರು. ಹೆಸರು ಕೂಗಿದ ಮೇಲೆ ಮಗು ಒಬ್ಬಂಟಿಯಾಗಿ ಒಳಗೆ ಹೋಗುತ್ತದೆ. ಸೂಕ್ಷ್ಮ ಮನಸ್ಸಿನ ನ್ಯಾಯಾಧೀಶರು ಮೇಜಿನ ಈಚೆ ಬಂದು ಕೂತು, ಶಾಲೆ, ಸ್ನೇಹಿತರು, ಇಷ್ಟದ ಆಟ ಎಂದು ಮಾತು ತೆಗೆದು, ಅದರ ಮನಸ್ಸಿನಲ್ಲೇನಿದೆ ಎಂದು ಮೆಲ್ಲಗೆ ಅರಿಯಲು ಯತ್ನಿಸುತ್ತಾರೆ. ಹೊರಗೆ ಅಂದಿನ ಪಟ್ಟಿಯಲ್ಲಿರುವ ಉಳಿದ ಪ್ರಕರಣಗಳು ಕಾಯುತ್ತಿರುತ್ತವೆ. ಸಿಕ್ಕ ಆ ಸ್ವಲ್ಪ ಹೊತ್ತಿನಲ್ಲಿ ಮಗು ಹೇಳಿದ್ದು ಅದರ ಸ್ವಂತ ಮಾತೋ, ಬರುವ ದಾರಿಯಲ್ಲಿ ಕಾರಿನಲ್ಲಿ ಹೇಳಿಕೊಟ್ಟದ್ದೋ ಎಂದು ತೂಗಿ ನೋಡಬೇಕು.

ಈ ಮಾತುಕತೆಯಿಂದ ಪ್ರಯೋಜನವೇ ಇಲ್ಲ ಎನ್ನುವುದು ತಪ್ಪಾಗುತ್ತದೆ. 2008ರಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಬಂದ ಪಶ್ಚಿಮ ಬಂಗಾಳದ ಪ್ರಕರಣವೊಂದು ಅದಕ್ಕೆ ಸಾಕ್ಷಿ. ತಾಯಿ ತೀರಿಹೋಗಿದ್ದಳು. ಅವಳ ಸಾವಿಗೆ ಸಂಬಂಧಿಸಿದಂತೆ ತಂದೆಯ ಮೇಲೆಯೇ ಕ್ರಿಮಿನಲ್ ಪ್ರಕರಣವಿತ್ತು. ಹುಡುಗ ತಾಯಿಯ ತಂದೆತಾಯಿಯ ಮಡಿಲಲ್ಲಿ ಬೆಳೆಯುತ್ತಿದ್ದ. ತಂದೆಯೇ ಸಹಜ ಪಾಲಕ ಎಂಬ ನೆಲೆಯಲ್ಲಿ ಕೆಳಗಿನ ನ್ಯಾಯಾಲಯ ಮಗುವನ್ನು ಅವನಿಗೆ ಒಪ್ಪಿಸಲು ಹೇಳಿತು, ಹೈಕೋರ್ಟೂ ಅದನ್ನೇ ಎತ್ತಿಹಿಡಿಯಿತು. ಎರಡು ಕಡೆಯೂ ಹುಡುಗನನ್ನು ಯಾರೂ ಕೇಳಿರಲಿಲ್ಲ. ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳು ಅವನನ್ನು ಚೇಂಬರಿಗೆ ಕರೆಸಿ ಮಾತನಾಡಿಸಿದರು. ತಂದೆಯ ಬಳಿ ಹೋಗಲು ತನಗಿಷ್ಟವಿಲ್ಲ, ಅಜ್ಜ–ಅಜ್ಜಿಯ ಜೊತೆಗೇ ಇರುತ್ತೇನೆ ಎಂದು ಹುಡುಗ ಸ್ಪಷ್ಟವಾಗಿ ಹೇಳಿದ. ಕೆಳಗಿನ ಎರಡೂ ತೀರ್ಪುಗಳು ರದ್ದಾದವು. ದೇಶದ ಅತ್ಯುನ್ನತ ನ್ಯಾಯಾಲಯ ತಲುಪುವವರೆಗೂ ಈ ಒಂದು ಮಾತನ್ನು ಕೇಳುವ ವ್ಯವಸ್ಥೆಯೇ ಇರಲಿಲ್ಲವೆಂಬುದು ಆ ಪ್ರಕರಣದಲ್ಲಿ ಹೆಚ್ಚು ಕಾಡುವ ಸಂಗತಿ. ಮೊದಲ ದಿನವೇ ಆ ಹುಡುಗನ ಪರವಾಗಿ ಒಬ್ಬರು ಎದ್ದು ನಿಂತಿದ್ದರೆ ಅಷ್ಟು ದೂರ ಹೋಗಬೇಕಿತ್ತೇ?

ಆದರೆ ಮಗು ಹೇಳಿದ್ದೆಲ್ಲವನ್ನೂ ಹಾಗೆಯೇ ಒಪ್ಪಬೇಕೆ? ಈ ಪ್ರಶ್ನೆಗೆ ಬೆಂಗಳೂರಿನದೇ ಉದಾಹರಣೆಯಿದೆ. ಅಮೆರಿಕದಲ್ಲಿ 2011ರಲ್ಲಿ ಹುಟ್ಟಿ, ಅಲ್ಲಿನ ಪೌರನೇ ಆಗಿದ್ದ ಹುಡುಗನನ್ನು 2020ರಲ್ಲಿ ತಾಯಿ ಬೆಂಗಳೂರಿಗೆ ಕರೆತಂದರು. ಇಲ್ಲಿಯೇ ಶಾಲೆಗೂ ಸೇರಿಸಿದರು. ಮಗುವನ್ನು ನ್ಯಾಯಾಲಯದ ಮುಂದೆ ಹಾಜರುಪಡಿಸುವಂತೆ ಕೋರಿ ತಂದೆ ಕರ್ನಾಟಕ ಹೈಕೋರ್ಟಿಗೆ ಹೇಬಿಯಸ್ ಕಾರ್ಪಸ್ ಅರ್ಜಿ ಹಾಕಿದರು. ಅಲ್ಲಿ ಅವರು ಕೇಳಿದ ಆದೇಶ ಸಿಗದೆ ಪ್ರಕರಣ ಸುಪ್ರೀಂ ಕೋರ್ಟಿಗೆ ಹೋಯಿತು. ಮಗುವಿನ ಇಚ್ಛೆ ಏನೆಂಬುದನ್ನು ಮಾತನಾಡಿಸಿ ತಿಳಿಯಬಹುದು, ಆದರೆ ಅದರ ಹಿತ ಯಾವುದರಲ್ಲಿದೆ ಎಂಬುದು ಬೇರೆಯದೇ ಪ್ರಶ್ನೆ, ಅದನ್ನು ಎಲ್ಲ ಸಂದರ್ಭಗಳನ್ನೂ ನೋಡಿ ನ್ಯಾಯಾಲಯವೇ ತೀರ್ಮಾನಿಸಬೇಕು ಎಂದು ಸುಪ್ರೀಂ ಕೋರ್ಟ್ 2022ರ ಜುಲೈನಲ್ಲಿ ಹೇಳಿ, ಹುಡುಗ ಅಮೆರಿಕಕ್ಕೆ ಮರಳಬೇಕೆಂದು ಆದೇಶಿಸಿತು.

ವಿದೇಶಗಳಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳು ಈ ಪ್ರಕರಣವನ್ನು ಗಮನಿಸಬೇಕು. ಒಂದು ದೇಶದಿಂದ ಇನ್ನೊಂದು ದೇಶಕ್ಕೆ ಒಯ್ದ ಮಕ್ಕಳನ್ನು ಹಿಂದಿರುಗಿಸುವ 1980ರ ಹೇಗ್ ಒಪ್ಪಂದಕ್ಕೆ ಭಾರತ ಸೇರಿಲ್ಲ. ಹಾಗಾಗಿ ಇಂಥ ಜಗಳಗಳು ಹೆಚ್ಚಾಗಿ ಹೇಬಿಯಸ್ ಕಾರ್ಪಸ್ ಅರ್ಜಿಗಳಾಗಿಯೇ ನಮ್ಮ ಹೈಕೋರ್ಟುಗಳಿಗೆ ಬರುತ್ತವೆ. ಇವು ಅಫಿಡವಿಟ್‌ಗಳ ಮೇಲೆ ಬೇಗ ಮುಗಿಯುವ ವಿಚಾರಣೆಗಳು. ಎರಡು ಖಂಡಗಳ ನಡುವೆ ಸಿಕ್ಕಿಕೊಂಡ ಮಗುವಿನ ಮನಸ್ಸನ್ನು ನಿಧಾನವಾಗಿ ಅರಿಯಲು ಅಲ್ಲಿ ಇರುವ ಸಮಯ ಎಲ್ಲಕ್ಕಿಂತ ಕಡಿಮೆ.

ಇಚ್ಛೆ ಬೇರೆ, ಹಿತ ಬೇರೆ. ಮಗುವಿಗೆ ವಕೀಲರನ್ನು ಕೊಟ್ಟ ದೇಶಗಳೆಲ್ಲ ಈ ಕವಲಿಗೆ ಬಂದು ನಿಂತಿವೆ. ವಕೀಲರು ಮಗು ಹೇಳಿದ್ದನ್ನು ವಾದಿಸಬೇಕೋ, ಮಗುವಿಗೆ ಒಳ್ಳೆಯದೆಂದು ತಮಗೆ ತೋರಿದ್ದನ್ನು ವಾದಿಸಬೇಕೋ?

ನ್ಯೂಯಾರ್ಕ್ ರಾಜ್ಯ ಮೊದಲ ದಾರಿ ಹಿಡಿದಿದೆ. 1962ರ ಫ್ಯಾಮಿಲಿ ಕೋರ್ಟ್ ಕಾಯ್ದೆಯಲ್ಲೇ ಅಲ್ಲಿ ಮಕ್ಕಳಿಗೆ ವಕೀಲರ ವ್ಯವಸ್ಥೆಯಾಯಿತು. 2007ರಲ್ಲಿ ಬಂದ ನಿಯಮ ಅವರ ಕೆಲಸವನ್ನು ಖಚಿತಪಡಿಸಿತು. ಮಗು ಅರಿತು, ಸ್ವಂತ ಬುದ್ಧಿಯಿಂದ, ಯೋಚಿಸಿ ನಿರ್ಧರಿಸುವಷ್ಟು ಬೆಳೆದಿದ್ದರೆ ವಕೀಲರು ಅದರ ಮಾತಿನಂತೆಯೇ ವಾದಿಸಬೇಕು. ಅದು ಮಗುವಿಗೆ ಒಳ್ಳೆಯದಲ್ಲ ಎಂದು ವಕೀಲರಿಗೆ ಅನಿಸಿದರೂ ಸರಿಯೇ. ಯಾವುದು ಹಿತವೆಂದು ಹೇಳಲು ನ್ಯಾಯಾಧೀಶರಿದ್ದಾರೆ, ವಕೀಲರ ಕೆಲಸ ಕಕ್ಷಿದಾರನ ದನಿಯಾಗುವುದು ಎಂಬ ನಿಲುವು ಅದು. ಮಗು ತೀರಾ ಚಿಕ್ಕದಾಗಿದ್ದರೆ, ಅಥವಾ ಅದರ ಇಚ್ಛೆಯಂತೆ ನಡೆದರೆ ಗಂಭೀರ ಅಪಾಯವಿದ್ದರೆ ಮಾತ್ರ ವಕೀಲರು ಬೇರೆ ನಿಲುವು ತಳೆಯಬಹುದು.

ಆಸ್ಟ್ರೇಲಿಯಾ ಇನ್ನೊಂದು ದಾರಿಯಲ್ಲಿದೆ. ಅಲ್ಲಿನ ಇಂಡಿಪೆಂಡೆಂಟ್ ಚಿಲ್ಡ್ರನ್ಸ್ ಲಾಯರ್ ಮಗುವಿನ ಮಾತನ್ನು ನ್ಯಾಯಾಲಯಕ್ಕೆ ತಿಳಿಸಲೇಬೇಕು, ಆದರೆ ಆ ಮಾತಿಗೆ ಕಟ್ಟುಬಿದ್ದಿಲ್ಲ. ಸಾಕ್ಷ್ಯಗಳನ್ನೆಲ್ಲ ನೋಡಿ ಮಗುವಿಗೆ ಒಳ್ಳೆಯದು ಇದು ಎಂದು ತಮ್ಮದೇ ನಿಲುವಿಗೆ ಬಂದು ವಾದಿಸುತ್ತಾರೆ. ಎಲ್ಲ ವಿಚ್ಛೇದನಗಳಲ್ಲೂ ಇಂಥವರನ್ನು ನೇಮಿಸುವುದಿಲ್ಲ. ಎಲ್ಲಿ ನೇಮಿಸಬೇಕೆಂದು 1994ರಲ್ಲಿ ಅಲ್ಲಿನ ಫ್ಯಾಮಿಲಿ ಕೋರ್ಟ್ ತೀರ್ಪೊಂದರಲ್ಲಿ ಪಟ್ಟಿಯನ್ನೇ ಕೊಟ್ಟಿತು: ಮಗುವಿನ ಮೇಲೆ ದೌರ್ಜನ್ಯದ ಆರೋಪವಿದ್ದಾಗ, ತಂದೆತಾಯಿಯ ನಡುವಿನ ಜಗಳ ಬಗೆಹರಿಯದ ಹಂತಕ್ಕೆ ಹೋದಾಗ, ಮಗು ಒಬ್ಬರಿಂದ ಪೂರ್ತಿ ದೂರವಾಗಿಬಿಟ್ಟಾಗ, ಒಡಹುಟ್ಟಿದವರನ್ನು ಬೇರೆ ಮಾಡುವ ಪ್ರಸ್ತಾಪವಿದ್ದಾಗ, ಮಗುವನ್ನು ದೂರದೂರಿಗೆ ಒಯ್ಯುವ ಪ್ರಶ್ನೆ ಬಂದಾಗ, ಹೀಗೆ. ಒಂದು ಕೊರತೆ ಮಾತ್ರ ಬಹುಕಾಲ ಉಳಿದಿತ್ತು. ಆ ವಕೀಲರು ಮಗುವನ್ನು ಮುಖತಃ ಕಾಣಲೇಬೇಕೆಂಬ ಕಟ್ಟಳೆ ಇರಲಿಲ್ಲ. ಮುಖವನ್ನೇ ನೋಡದ ಮಗುವಿನ ಪರ ಕಡತದ ಮೇಲೆಯೇ ವಾದಿಸಬಹುದಿತ್ತು. 2023ರಲ್ಲಿ ಸಂಸತ್ತು ಕಾನೂನು ತಿದ್ದಿತು. 2024ರ ಮೇ ತಿಂಗಳಿನಿಂದ ವಕೀಲರು ಮಗುವನ್ನು ಭೇಟಿಯಾಗಿ ಅದರ ಮಾತು ಕೇಳುವುದು ಕಡ್ಡಾಯ. ಐದು ವರ್ಷದೊಳಗಿನ ಮಕ್ಕಳಿಗೆ, ತಾವೇ ಬೇಡವೆನ್ನುವ ಮಕ್ಕಳಿಗೆ ಮತ್ತು ಅಪರೂಪದ ಕೆಲವು ಸಂದರ್ಭಗಳಿಗೆ ಮಾತ್ರ ವಿನಾಯಿತಿ.

ಇಂಗ್ಲೆಂಡಿನಲ್ಲಿ ಮಕ್ಕಳೇ ಎದ್ದು ನಿಂತು ಕೇಳಿದ ಉದಾಹರಣೆಯಿದೆ. ಆರು ಮಕ್ಕಳ ಸಂಸಾರ ಒಡೆದಿತ್ತು. ದೊಡ್ಡ ಮೂವರು ಹುಡುಗರು, ಹದಿನೇಳು, ಹದಿನೈದು, ಹದಿಮೂರರ ವಯಸ್ಸಿನವರು, ತಂದೆಯ ಜೊತೆಗಿದ್ದರು. ಮಕ್ಕಳ ಪರವಾಗಿ ನ್ಯಾಯಾಲಯ ನೇಮಿಸಿದ ಪಾಲಕರು ಇದ್ದೇ ಇದ್ದರು. ಆದರೂ ತಮ್ಮ ಮಾತನ್ನು ತಮ್ಮದೇ ವಕೀಲರು ಹೇಳಬೇಕು ಎಂದು ಹುಡುಗರು ಪಟ್ಟು ಹಿಡಿದರು. ವಿಚಾರಣಾ ನ್ಯಾಯಾಧೀಶರು ಒಪ್ಪಲಿಲ್ಲ. 2005ರಲ್ಲಿ ಮೇಲ್ಮನವಿ ನ್ಯಾಯಾಲಯ ಆ ಆದೇಶವನ್ನು ತಳ್ಳಿಹಾಕಿತು. ಇಷ್ಟು ಬೆಳೆದ, ಚೆನ್ನಾಗಿ ಮಾತಾಡಬಲ್ಲ ಹುಡುಗರನ್ನು ಅವರ ಬದುಕನ್ನೇ ಬದಲಿಸುವ ವಿಚಾರಣೆಯಿಂದ ಹೊರಗಿಡುವುದನ್ನು ಊಹಿಸಲೂ ಆಗದು ಎಂಬುದು ನ್ಯಾಯಮೂರ್ತಿ ಥಾರ್ಪ್ ಅವರ ತೀರ್ಪಿನ ಸಾರ. ದಕ್ಷಿಣ ಆಫ್ರಿಕಾವಂತೂ ಇದನ್ನು ಸಂವಿಧಾನದಲ್ಲೇ ಬರೆದುಕೊಂಡಿದೆ. ಮಗುವಿಗೆ ಸಂಬಂಧಿಸಿದ ಸಿವಿಲ್ ಪ್ರಕರಣದಲ್ಲಿ, ವಕೀಲರಿಲ್ಲದೆ ಗಣನೀಯ ಅನ್ಯಾಯವಾಗುವಂತಿದ್ದರೆ, ಸರ್ಕಾರದ ಖರ್ಚಿನಲ್ಲಿ ವಕೀಲರನ್ನು ಪಡೆಯುವುದು ಅಲ್ಲಿ ಮಗುವಿನ ಮೂಲಭೂತ ಹಕ್ಕು.

ನಮ್ಮ ಮಟ್ಟಿಗೆ ಆಸ್ಟ್ರೇಲಿಯಾದ ಪಟ್ಟಿ, ನ್ಯೂಯಾರ್ಕಿನ ನಿಷ್ಠೆ ಎರಡೂ ಸೇರಿದರೆ ಒಳ್ಳೆಯದು. ಎಲ್ಲ ಪ್ರಕರಣಕ್ಕೂ ವಕೀಲರು ಬೇಕಿಲ್ಲ. ಬಿಗಡಾಯಿಸಿದ ಪ್ರಕರಣಗಳಲ್ಲಿ ಬೇಕೇ ಬೇಕು. ಹತ್ತು ಹನ್ನೆರಡು ದಾಟಿದ ಮಗುವಿನ ವಕೀಲರು ಮೊದಲು ಅದರ ಮಾತನ್ನು ಮಗು ಹೇಳಿದಂತೆಯೇ ನ್ಯಾಯಾಲಯದ ಮುಂದಿಡಬೇಕು. ತಮ್ಮ ಅಭಿಪ್ರಾಯವಿದ್ದರೆ ಅದನ್ನು ಬೇರೆಯಾಗಿ, ಇದು ನನ್ನದು ಎಂದು ಹೇಳಿಯೇ ಇಡಬೇಕು.

ಇದಕ್ಕೆ ಆಕ್ಷೇಪಗಳಿಲ್ಲದಿಲ್ಲ. ಮೊದಲೇ ಇಬ್ಬರು ವಕೀಲರ ನಡುವೆ ಸಂಸಾರ ಹರಿದುಹೋಗಿದೆ, ಮೂರನೆಯವರು ಬಂದರೆ ಜಗಳ ಇನ್ನಷ್ಟು ಬೆಳೆಯುವುದಿಲ್ಲವೇ ಎಂದು ಕೇಳುವವರಿದ್ದಾರೆ. 1984ರ ಕೌಟುಂಬಿಕ ನ್ಯಾಯಾಲಯಗಳ ಕಾಯ್ದೆಯೇ ವಕೀಲರನ್ನು ದೂರವಿಡಲು ಬಯಸಿತ್ತು. 13ನೇ ಸೆಕ್ಷನ್ನಿನ ಪ್ರಕಾರ ಅಲ್ಲಿ ವಕೀಲರ ಮೂಲಕ ವಾದಿಸುವುದು ಪಕ್ಷಕಾರರ ಹಕ್ಕಲ್ಲ. ಖರ್ಚಿನ ಪ್ರಶ್ನೆಯೂ ಇದೆ. ಅಮೆರಿಕದ ವಿಸ್ಕಾನ್ಸಿನ್ ರಾಜ್ಯದಲ್ಲಿ ಮಗುವಿನ ವಾಸದ ಬಗ್ಗೆ ತಕರಾರಿದ್ದರೆ ಅದರ ಹಿತ ನೋಡಲು ವಕೀಲರನ್ನು ನೇಮಿಸುವುದು ವಾಡಿಕೆ. ಅವರ ಶುಲ್ಕ ಸಾಮಾನ್ಯವಾಗಿ ತಂದೆತಾಯಿಯ ಮೇಲೆಯೇ ಬೀಳುತ್ತದೆ. ಎರಡು ಮನೆಯ ಬಾಡಿಗೆ ಕಟ್ಟುತ್ತಿರುವವರಿಗೆ ಅದು ಸಣ್ಣ ಹೊರೆಯಲ್ಲ.

ಎಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪ ಇನ್ನೊಂದು. ನಿನಗೆ ಅಪ್ಪ ಬೇಕೋ ಅಮ್ಮ ಬೇಕೋ ಎಂದು ಕೇಳುವುದೇ ಮಗುವಿಗೆ ಮಾಡುವ ಹಿಂಸೆ ಎಂಬುದು. ಈ ಮಾತು ನಿಜ. ಆದರೆ ಇಂದು ಚೇಂಬರಿನಲ್ಲಿ, ಕಾರಿಡಾರಿನಲ್ಲಿ, ಮನೆಯಲ್ಲಿ ದಿನವೂ ಮಗು ಎದುರಿಸುತ್ತಿರುವುದು ಇದೇ ಪ್ರಶ್ನೆಯನ್ನು. ಒಳ್ಳೆಯ ಮಕ್ಕಳ ವಕೀಲರು ಆ ಪ್ರಶ್ನೆಯನ್ನು ಕೇಳುವುದೇ ಇಲ್ಲ. ಅವರ ಪ್ರಶ್ನೆಗಳು ಬೇರೆ. ಬೆಳಿಗ್ಗೆ ಯಾರು ಎಬ್ಬಿಸುತ್ತಾರೆ? ಜ್ವರ ಬಂದಾಗ ಯಾರ ಹತ್ತಿರ ಮಲಗುತ್ತೀಯ? ಶನಿವಾರ ಅಪ್ಪನನ್ನು ನೋಡಲು ಹೋಗುವಾಗ ಏನು ಇಷ್ಟವಾಗುತ್ತದೆ, ಏನು ಇಷ್ಟವಾಗುವುದಿಲ್ಲ? ತಂಗಿ ಅಮ್ಮನ ಮನೆಯಲ್ಲಿ, ನೀನು ಅಪ್ಪನ ಮನೆಯಲ್ಲಿ ಇದ್ದರೆ ಹೇಗಿರುತ್ತದೆ? ಪರೀಕ್ಷೆಯ ಹಿಂದಿನ ದಿನವೂ ಭೇಟಿಗೆ ಬರಬೇಕಾಗಿತ್ತೇ? ಶಾಲೆಯ ಟೀಚರನ್ನು ಕಾಣುತ್ತಾರೆ, ಹಾಜರಿ ಪುಸ್ತಕ ನೋಡುತ್ತಾರೆ, ಆಸ್ತಮಾ ಇದ್ದರೆ ವೈದ್ಯರ ಚೀಟಿ ನೋಡುತ್ತಾರೆ, ಎರಡೂ ಮನೆಗೆ ಹೋಗಿ ಮಗು ಮಲಗುವ ಜಾಗ ನೋಡುತ್ತಾರೆ. ಒಂದೇ ಸಲವಲ್ಲ, ಹಲವು ಸಲ ಭೇಟಿಯಾಗುವುದರಿಂದ ಹೇಳಿಕೊಟ್ಟ ಮಾತು ಯಾವುದು, ಒಳಗಿನ ಮಾತು ಯಾವುದು ಎಂಬುದೂ ಬಹುಮಟ್ಟಿಗೆ ತಿಳಿದುಹೋಗುತ್ತದೆ. ತೀರ್ಪು ಬಂದ ಮೇಲೆ ಮಗುವಿನ ಪಕ್ಕ ಕೂತು, ಏನಾಯಿತು, ಯಾಕಾಯಿತು ಎಂದು ಅದಕ್ಕೆ ತಿಳಿಯುವ ಮಾತಿನಲ್ಲಿ ಹೇಳುತ್ತಾರೆ. ಇದು ನಿನ್ನ ನಿರ್ಧಾರವಲ್ಲ, ನ್ಯಾಯಾಧೀಶರ ನಿರ್ಧಾರ ಎಂದು ಹೇಳುತ್ತಾರೆ. ಅಮ್ಮನನ್ನು ಬಿಟ್ಟುಕೊಟ್ಟೆ ಎಂಬ ಭಾರ ಹೊತ್ತು ಬೆಳೆಯಬೇಕಾದ ಮಗುವಿಗೆ ಈ ಒಂದು ಮಾತು ಎಷ್ಟು ದೊಡ್ಡದೆಂದು ಊಹಿಸಬಹುದು.

ಜಗಳವಿಲ್ಲದ ಕಡೆ ಮಗುವಿಗೆ ತೊಂದರೆಯಿಲ್ಲವೆಂದು ಭಾವಿಸುವುದೂ ಅವಸರದ ಮಾತು. ಪರಸ್ಪರ ಒಪ್ಪಿಗೆಯ ವಿಚ್ಛೇದನದಲ್ಲಿ ಇಬ್ಬರೂ ಕೂತು ಒಪ್ಪಂದ ಬರೆಯುತ್ತಾರೆ. ಫ್ಲ್ಯಾಟ್ ಯಾರಿಗೆ, ಚಿನ್ನ ಯಾರಿಗೆ, ಕಾರಿನ ಸಾಲ ಯಾರು ಕಟ್ಟಬೇಕು ಎಂಬ ಷರತ್ತುಗಳ ಸಾಲಿನಲ್ಲೇ ಮಗುವಿನ ವಾರಾಂತ್ಯಗಳೂ ಬರುತ್ತವೆ. ಕೆಲವೊಮ್ಮೆ ಬೇಗ ಮುಗಿದರೆ ಸಾಕೆಂದು ಮಗುವಿನ ಪಾಲನ್ನೇ ಬಿಟ್ಟುಕೊಡುತ್ತಾರೆ. 2019ರಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಬಂದ ಅಂಥ ಒಂದು ಒಪ್ಪಂದದಲ್ಲಿ ಹೆಂಡತಿ ತನ್ನದಷ್ಟೇ ಅಲ್ಲ, ಮಗಳ ಹಕ್ಕನ್ನೂ ಬಿಟ್ಟುಕೊಟ್ಟಿದ್ದಳು. ತನ್ನ ಹಕ್ಕನ್ನು ಆಕೆ ಬಿಡಬಹುದು, ಮಗಳದ್ದನ್ನು ಬಿಡುವ ಅಧಿಕಾರ ಆಕೆಗಿಲ್ಲ ಎಂದಿತು ನ್ಯಾಯಾಲಯ. ಒಪ್ಪಂದ ಬರೆಯುವ ದಿನವೇ ಆ ಷರತ್ತಿನ ಮೇಲೆ ಬೆರಳಿಟ್ಟು ಇದು ಆಗದು ಎನ್ನಲು ಮಗಳ ಕಡೆಯ ಒಬ್ಬರು ಅಲ್ಲಿರಬೇಕಿತ್ತು.

ಮಗುವಿನ ರಕ್ತವೇ ಸಾಕ್ಷ್ಯವಾಗುವ ಪ್ರಕರಣಗಳೂ ಇವೆ. ಹೆಂಡತಿಯ ಮೇಲೆ ವ್ಯಭಿಚಾರದ ಆರೋಪ ಹೊರಿಸಿದ ಗಂಡ, ಅದನ್ನು ರುಜುವಾತು ಮಾಡಲು ಎರಡನೇ ಮಗುವಿನ ಡಿಎನ್ಎ ಪರೀಕ್ಷೆ ಆಗಬೇಕೆಂದು ಕೇಳಿದ. ಕೆಳಗಿನ ನ್ಯಾಯಾಲಯಗಳು ಒಪ್ಪಿದವು. 2023ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳಾದ ವಿ. ರಾಮಸುಬ್ರಮಣಿಯನ್ ಮತ್ತು ಬಿ.ವಿ. ನಾಗರತ್ನ ಅವರ ಪೀಠ ಆ ಆದೇಶಗಳನ್ನು ರದ್ದುಮಾಡಿತು. ತನ್ನ ಹುಟ್ಟನ್ನು ನ್ಯಾಯಾಲಯದಲ್ಲಿ ಹಗುರವಾಗಿ ಪ್ರಶ್ನಿಸದಂತೆ ನೋಡಿಕೊಳ್ಳುವ ಹಕ್ಕು ಮಗುವಿಗಿದೆ ಎಂದು ಕರ್ನಾಟಕದವರೇ ಆದ ನ್ಯಾಯಮೂರ್ತಿ ನಾಗರತ್ನ ಬರೆದರು. ಇಂಥ ಪರೀಕ್ಷೆಯ ಪ್ರಶ್ನೆಯನ್ನು ತಂದೆತಾಯಿಯ ಕಣ್ಣಿನಿಂದಲ್ಲ, ಮಗುವಿನ ಕಣ್ಣಿನಿಂದ ನೋಡಬೇಕು ಎಂದು ನ್ಯಾಯಮೂರ್ತಿ ರಾಮಸುಬ್ರಮಣಿಯನ್ ಹೇಳಿದರು. ಮಗು ಆ ಪ್ರಕರಣದ ಪಕ್ಷಕಾರನೇ ಆಗಿರಲಿಲ್ಲ.

ಆದೇಶ ಹೊರಬಿದ್ದ ಮೇಲೂ ಮಗುವಿಗೆ ಯಾರಾದರೂ ಬೇಕು. ಕರ್ನಾಟಕ ಹೈಕೋರ್ಟ್ 2013ರಲ್ಲಿ ಹನ್ನೆರಡು ವರ್ಷದ ಹುಡುಗನೊಬ್ಬನ ವಿಷಯದಲ್ಲಿ ಜಂಟಿ ಪಾಲನೆಯ ಆದೇಶ ಕೊಟ್ಟಿತು. ಜನವರಿಯಿಂದ ಜೂನ್‌ವರೆಗೆ ತಂದೆಯ ಬಳಿ, ಜುಲೈಯಿಂದ ಡಿಸೆಂಬರ್‌ವರೆಗೆ ತಾಯಿಯ ಬಳಿ. ಶನಿವಾರ, ಭಾನುವಾರ ಇನ್ನೊಬ್ಬರ ಭೇಟಿ. ಫೋನು, ವಿಡಿಯೊ ಕರೆಗೆ ಅವಕಾಶ. ಖರ್ಚು ಸಮಪಾಲು. ಕಾನೂನು ಆಯೋಗ 2015ರ ತನ್ನ 257ನೇ ವರದಿಯಲ್ಲಿ ಈ ತೀರ್ಪನ್ನು ಉಲ್ಲೇಖಿಸಿ, ಜಂಟಿ ಪಾಲನೆಗೆ ಕಾನೂನಿನಲ್ಲೇ ಜಾಗ ಕೊಡಬೇಕೆಂದು ಶಿಫಾರಸು ಮಾಡಿತು. ಇಬ್ಬರ ಪ್ರೀತಿಯೂ ಮಗುವಿಗೆ ಸಿಗಲೆಂಬ ಆಶಯ ಒಳ್ಳೆಯದೇ. ಆದರೆ ಹನ್ನೆರಡಕ್ಕೆ ಹೊಂದಿದ ಏರ್ಪಾಡು ಹತ್ತನೇ ತರಗತಿಯ ವರ್ಷಕ್ಕೆ ಹೊಂದದಿರಬಹುದು. ಆಗ ಬದಲಾವಣೆ ಕೇಳಬೇಕಾದವನು ಹುಡುಗ. ಅವನು ಯಾರ ಮೂಲಕ ಕೇಳಬೇಕು?

ಉತ್ತರ ಹೊಸ ಕಾಯ್ದೆಗಾಗಿ ಕಾಯಬೇಕಿಲ್ಲ. ಮಗುವನ್ನು ಬಾಧಿಸುವ ವಿಚಾರಣೆಯಲ್ಲಿ ಅದರ ಮಾತನ್ನು ನೇರವಾಗಿಯೋ ಪ್ರತಿನಿಧಿಯ ಮೂಲಕವೋ ಕೇಳಬೇಕೆನ್ನುವ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಗೆ ಭಾರತ 1992ರ ಡಿಸೆಂಬರ್ 11ರಂದೇ ಸೇರಿದೆ. ವಕೀಲರನ್ನು ದೂರವಿಟ್ಟ ಅದೇ ಕೌಟುಂಬಿಕ ನ್ಯಾಯಾಲಯಗಳ ಕಾಯ್ದೆಯ 13ನೇ ಸೆಕ್ಷನ್, ನ್ಯಾಯದ ದೃಷ್ಟಿಯಿಂದ ಅಗತ್ಯವೆನಿಸಿದರೆ ಕಾನೂನು ತಜ್ಞರೊಬ್ಬರನ್ನು ಅಮಿಕಸ್ ಕ್ಯೂರಿಯಾಗಿ, ಅಂದರೆ ನ್ಯಾಯಾಲಯಕ್ಕೆ ನೆರವಾಗುವವರಾಗಿ, ಕರೆಯಲು ನ್ಯಾಯಾಧೀಶರಿಗೆ ಅಧಿಕಾರ ಕೊಟ್ಟಿದೆ. ಅದರ ಹಿಂದಿನ 12ನೇ ಸೆಕ್ಷನ್ ವೈದ್ಯರು, ಕುಟುಂಬ ಕಲ್ಯಾಣದ ಅನುಭವಿಗಳ ನೆರವು ಪಡೆಯಲು ಅವಕಾಶ ಕೊಡುತ್ತದೆ. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯ 12ನೇ ಸೆಕ್ಷನ್ ಉಚಿತ ವಕೀಲರಿಗೆ ಅರ್ಹರಾದವರ ಪಟ್ಟಿ ಕೊಡುವಾಗ ಹೆಂಗಸರ ಜೊತೆಯಲ್ಲೇ ಮಕ್ಕಳನ್ನೂ ಸೇರಿಸಿದೆ. ತಂದೆಯ ಸಂಬಳವೆಷ್ಟು, ತಾಯಿಯ ಆದಾಯವೆಷ್ಟು ಎಂದು ಅಲ್ಲಿ ಕೇಳುವಂತಿಲ್ಲ. ಹಾಗಾಗಿ ಖರ್ಚಿನ ಆಕ್ಷೇಪಕ್ಕೂ ನಮ್ಮ ಕಾನೂನಿನಲ್ಲೇ ಪರಿಹಾರವಿದೆ. ಕರ್ನಾಟಕ ರಾಜ್ಯ ಕಾನೂನು ಸೇವೆಗಳ ಪ್ರಾಧಿಕಾರ ಇರುವುದೂ, ಬೆಂಗಳೂರು ಮಧ್ಯಸ್ಥಿಕೆ ಕೇಂದ್ರ ಇರುವುದೂ ಕೌಟುಂಬಿಕ ನ್ಯಾಯಾಲಯಗಳಿರುವ ಅದೇ ನ್ಯಾಯದೇಗುಲದಲ್ಲಿ. ಮಗುವಿಗೆ ವಕೀಲರನ್ನು ಕೊಡಬಲ್ಲ ಕಚೇರಿ, ವಕೀಲರಿಲ್ಲದ ಮಗು, ಇವೆರಡರ ನಡುವೆ ಇರುವುದು ಕೆಲವು ಮೆಟ್ಟಿಲುಗಳು ಮಾತ್ರ.

ಆಗಬೇಕಾದ ಕೆಲಸ ಇಷ್ಟು. ತಕರಾರು ಬಿಗಿಯಾಗಿರುವ ಪ್ರಕರಣಗಳಲ್ಲಿ ನ್ಯಾಯಾಧೀಶರು ಮೊದಲ ಹಂತದಲ್ಲೇ ಮಗುವಿಗಾಗಿ ಒಬ್ಬ ವಕೀಲರನ್ನು ಕೊಡುವಂತೆ ಪ್ರಾಧಿಕಾರಕ್ಕೆ ಬರೆಯಬೇಕು. ಪ್ರಾಧಿಕಾರ ತನ್ನ ಪ್ಯಾನೆಲಿನಲ್ಲಿ ಮಕ್ಕಳ ಜೊತೆ ಮಾತನಾಡುವ ತರಬೇತಿ ಪಡೆದವರ ಪ್ರತ್ಯೇಕ ಪಟ್ಟಿ ಇಡಬೇಕು; ಆಸ್ತಿ ದಾವೆಯಲ್ಲಿ ಪಳಗಿದವರು ಏಳು ವರ್ಷದ ಮಗುವಿನ ಎದುರು ಏನೂ ತೋಚದೆ ಕೂರುವುದು ಸಹಜ. ಈ ವಕೀಲರ ಶುಲ್ಕ ತಂದೆಯಿಂದಲೂ ಬರಬಾರದು, ತಾಯಿಯಿಂದಲೂ ಬರಬಾರದು.

ಸದ್ಯಕ್ಕೆ, ಇಂಥ ಪ್ರಕರಣದಲ್ಲಿ ಸಿಲುಕಿರುವ ತಂದೆಯೋ ತಾಯಿಯೋ ತಮ್ಮ ವಕೀಲರ ಮೂಲಕ ಒಂದು ಮಧ್ಯಂತರ ಅರ್ಜಿ ಹಾಕಿ, ಮಗುವಿನ ಪರ ಅಮಿಕಸ್ ಕ್ಯೂರಿ ನೇಮಿಸುವಂತೆ ಕೇಳಬಹುದು. ಗೆಲ್ಲುವ ಭರವಸೆ ಇರುವವರೂ ಕೇಳಬೇಕು. ಆಮೇಲೆ ಮಗು ದೊಡ್ಡದಾಗಿ ಪ್ರಶ್ನಿಸಿದಾಗ ಹೇಳಲು ಅವರ ಬಳಿ ಒಂದು ಉತ್ತರವಿರುತ್ತದೆ. ಅಜ್ಜ–ಅಜ್ಜಿಯರು, ಶಾಲೆಯ ಶಿಕ್ಷಕರು ಜಿಲ್ಲಾ ನ್ಯಾಯಾಲಯದ ಆವರಣದಲ್ಲಿರುವ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರವನ್ನೋ ತಾಲ್ಲೂಕು ಸಮಿತಿಯನ್ನೋ ಕಂಡು ವಿಷಯ ತಿಳಿಸಬಹುದು. ಕನ್ನಡದಲ್ಲೇ ಬರೆದುಕೊಟ್ಟರೆ ಸಾಕು, ಶುಲ್ಕವಿಲ್ಲ. ಕಾನೂನು ನೆರವಿನ ಸಹಾಯವಾಣಿ 15100.